ಬಟನ್ ಟೈರ್ ಹಾಕಿದ್ರೆ ಸೈಕಲ್ ಜಾರಲ್ವಾ? ಅರಸೀಕೆರೆಯಿಂದ ಬೇಲೂರಿನವರೆಗೆ ಒಂದು ಚಕ್ರದ ಕಥೆ

ಈ ಸಂಚಿಕೆಯನ್ನ ಸೈಕಲ್ ತುಳೀತಾ ಕೇಳ್ತಿದ್ರೆ ಒಂದು ಕೆಲಸ ಮಾಡಿ: ಪಕ್ಕಕ್ಕೆ ನಿಲ್ಲಿಸಿ ಕೇಳಿ, ಇಲ್ಲಾ ಮನೆಗೆ ಹೋಗಿ ಕೇಳಿ. ಇವತ್ತಿನ ಮಾತು ಸೈಕಲ್ಲಿಂದ ಬೀಳೋದರ ಬಗ್ಗೆಯೇ.

ಹೋದ ತಿಂಗಳು ನನ್ನ ಸ್ಕೂಲ್ ಗೆಳತಿಯಿಂದ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಬೇಲೂರಿನ ಒಂದು ಸೈಕಲ್ ಶಾಪಿನ ಕೌಂಟರ್ ಮೇಲೆ ಎರಡು ಟೈರ್. ಒಂದರ ಮೈತುಂಬ ದಪ್ಪ ದಪ್ಪ ಬಟನ್, ಟ್ರ್ಯಾಕ್ಟರ್ ಟೈರಿನ ಮರಿ ಥರ. ಇನ್ನೊಂದು ಹೆಚ್ಚುಕಮ್ಮಿ ನುಣುಪು, ಮೇಲೆ ಸಣ್ಣ ಗೆರೆಗಳು ಅಷ್ಟೇ. ಕೆಳಗೆ ಅವಳ ವಾಯ್ಸ್ ಮೆಸೇಜ್: "ಮಗಳ ಸೈಕಲ್ಲಿಗೆ ಕಣೇ. ಯಾವ್ದು ಜಾರಲ್ಲ ಹೇಳು. ಶಾಪಿನವರು ಬಟನ್ ಇರೋದೇ ತಗೊಳ್ಳಿ ಅಂತಿದಾರೆ."

ಬೇರೆ ಯಾರೇ ಕೇಳಿದ್ರೂ ಎರಡು ನಿಮಿಷದಲ್ಲಿ ಉತ್ತರ ಕೊಟ್ಟು ಮುಗಿಸ್ತಿದ್ದೆ. ಇವಳು ಕೇಳಿದ್ದಕ್ಕೆ ಹಾಗೆ ಮುಗಿಸೋಕೆ ಆಗಲಿಲ್ಲ. ಯಾಕೆ ಅಂತ ಮೊದಲು ಹೇಳ್ತೀನಿ.

ನಮ್ಮೂರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ. ಊರಿನಿಂದ ಹೈಸ್ಕೂಲು ನಾಲ್ಕು ಕಿಲೋಮೀಟರ್. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರು ಮಾಡ್ತು. ಗಂಡುಹುಡುಗರಿಗೆ ಸಿಕ್ಕಿದ್ದು ಆಮೇಲೆ. ನಾವು ಆ ಮೊದಲ ವರ್ಷದ ಹುಡುಗೀರು. ಅದಕ್ಕೂ ಮೊದಲು ನಮ್ಮೂರಲ್ಲಿ ಸೈಕಲ್ ಅಂದ್ರೆ ಹಾಲಿನ ಕ್ಯಾನ್ ಹೊರೋದು, ಗಂಡಸರು ತುಳಿಯೋದು. ಹುಡುಗೀರು ಸಾಲಾಗಿ ಸೈಕಲ್ ಮೇಲೆ ಹೋಗ್ತಿದ್ರೆ ಹೋಟೆಲ್ ಮುಂದೆ ಕೂತವರು ಮಾತು ನಿಲ್ಲಿಸಿ ನೋಡ್ತಿದ್ರು.

ಒಂಬತ್ತನೇ ಕ್ಲಾಸು, ಡಿಸೆಂಬರ್ ತಿಂಗಳು. ನನ್ನ ಸೈಕಲ್ ಪಂಕ್ಚರ್ ಆಗಿತ್ತು. ಗೆಳತಿಯ ಕ್ಯಾರಿಯರ್ ಮೇಲೆ ನಾನು ಕೂತಿದ್ದೆ, ತುಳೀತಿದ್ದವಳು ಅವಳು. ತಿರುವಲ್ಲಿ ಟಾರ್ ರಸ್ತೆ ತುಂಬ ರಾಗಿ ತೆನೆ ಹರಡಿದ್ರು. ಲಾರಿ, ಬಸ್ಸು ಹರಿದು ಕಾಳು ಉದುರಲಿ ಅಂತ. ಅವಳು ಬ್ರೇಕ್ ಹಿಡಿದಳು. ಮುಂದಿನ ಚಕ್ರ ಎಡಕ್ಕೆ ಹೋಯ್ತು, ನಾವು ಬಲಕ್ಕೆ. ನನಗೆ ಮೊಣಕಾಲು ತರಚಿತು. ಅವಳ ಮಣಿಕಟ್ಟು ಮುರೀತು.

ಸೈಕಲ್ಲನ್ನ ರಿಪೇರಿಗೆ ಒಯ್ದಾಗ ಶಾಪಿನವರು ಟೈರ್ ತಿರುಗಿಸಿ ನೋಡಿ ತೀರ್ಪು ಕೊಟ್ರು: "ಬಟನ್ ಸವೆದು ಬೋಳಾಗಿದೆ, ಅದಕ್ಕೇ ಜಾರಿದೆ." ಮನೆಯಲ್ಲಿ ಇನ್ನೊಂದು ತೀರ್ಪು: ಹುಡುಗಿಗೆ ಸೈಕಲ್ ಸರಿಯಾಗಿ ಬರಲ್ಲ. ಬಿದ್ದಿದ್ದು ಅವಳ ಅಣ್ಣ ಆಗಿದ್ರೆ ಡೆಟಾಲ್ ಹಚ್ಚಿ ಮತ್ತೆ ಕಳಿಸ್ತಿದ್ರು. ಇವಳ ಸೈಕಲ್ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿತು. ಹತ್ತನೇ ಕ್ಲಾಸನ್ನ ನಡೆದುಕೊಂಡೇ ಮುಗಿಸಿದಳು. ಪಿಯುಸಿ ಕಾಲೇಜು ಇನ್ನೂ ದೂರ ಇತ್ತು. ಅಲ್ಲಿಗೇ ನಿಂತುಹೋಯ್ತು.

ಅವಳು ಈಗ ಕೇಳ್ತಿದಾಳೆ, ಯಾವ ಟೈರ್ ಜಾರಲ್ಲ ಅಂತ.

ಆ ದಿನ ನಾವು ಬಿದ್ದದ್ದು ನಿಜವಾಗ್ಲೂ ಬಟನ್ ಸವೆದಿದ್ದರಿಂದಲೇನಾ? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಕಥೆ ಬಹಳ ಹಿಂದಕ್ಕೆ ಎಳ್ಕೊಂಡು ಹೋಗುತ್ತೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಶಾಲಾ ಪ್ರವಾಸದಲ್ಲಿ ಹೋದವರು ಹೊರಗೋಡೆಯ ಕೆಳಗಿನ ಆನೆ ಸಾಲನ್ನ ಎಣಿಸೋಕೆ ನೋಡಿ ಸೋತಿರ್ತೀರಿ. ಆ ಸಾಲುಗಳಿಂದ ಕಣ್ಣನ್ನ ಸ್ವಲ್ಪ ಮೇಲಕ್ಕೆ ತಗೊಂಡು ಹೋಗಿ. ರಾಮಾಯಣ, ಮಹಾಭಾರತದ ಸಾಲು ಸಿಗುತ್ತೆ. ಕುರುಕ್ಷೇತ್ರದ ರಥಗಳಿವೆ, ರಥಕ್ಕೆ ಕುದುರೆಗಳಿವೆ, ಅರೆಕಡ್ಡಿ ಇರೋ ಚಕ್ರಗಳಿವೆ. 12ನೇ ಶತಮಾನದ ಶಿಲ್ಪಿಗಳು ಬಳಪದ ಕಲ್ಲಲ್ಲಿ ಕೊರೆದದ್ದು. ಮಹಾಭಾರತದಲ್ಲಿ ಕರ್ಣನ ಕೊನೆ ಹೇಗಾಯ್ತು ಅಂತ ನಿಮಗೆ ಗೊತ್ತು: ರಥದ ಚಕ್ರ ನೆಲದಲ್ಲಿ ಹೂತುಹೋಯ್ತು. ಶಾಪ ಅಂತಾರೆ. ನನಗೆ ಅದರ ಪಕ್ಕದಲ್ಲೇ ಇನ್ನೊಂದು ವಿಷಯವೂ ಕಾಣುತ್ತೆ: ಗಟ್ಟಿ ಚಕ್ರ, ಮೆತ್ತನೆ ನೆಲ.

ಈ ರಥಗಳಲ್ಲಿ ಒಂದು ವಿಷಯ ಗಮನಿಸಿ. ಚಕ್ರಕ್ಕೆ ಹಿಡಿತ ಬೇಕಿರಲಿಲ್ಲ. ಉರುಳಿದ್ರೆ ಸಾಕಿತ್ತು. ನೆಲವನ್ನ ಕಚ್ಚಿ ಹಿಡಿದು ಎಳೀತಿದ್ದದ್ದು ಕುದುರೆಯ ಗೊರಸು. ನಮ್ಮ ತಾತನ ಎತ್ತಿನಗಾಡಿಯೂ ಹಾಗೇ. ಮರದ ಚಕ್ರದ ಸುತ್ತ ಕಬ್ಬಿಣದ ಪಟ್ಟಿ. ಆ ಪಟ್ಟಿಯನ್ನ ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಸುರಿದ್ರೆ ಸುಯ್ ಅಂತ ಬಿಗಿದು ಕೂರೋದು. ಅದರ ಕೆಲಸ ಮರ ಸವೆಯದ ಹಾಗೆ ನೋಡೋದು ಮಾತ್ರ. ಜಾರದ ಹಾಗೆ ನೋಡೋದು ಎತ್ತಿನ ಕಾಲಿನ ಲಾಳದ ಕೆಲಸ. ಮಳೆಗಾಲಕ್ಕೆ ಮುಂಚೆ ತಾತ ಲಾಳ ನೋಡ್ತಿದ್ರೇ ಹೊರತು ಚಕ್ರ ನೋಡ್ತಿರಲಿಲ್ಲ.

ಚಕ್ರವೇ ಹಿಡೀಬೇಕು, ಚಕ್ರವೇ ತಳ್ಳಬೇಕು, ಚಕ್ರವೇ ನಿಲ್ಲಿಸಬೇಕು ಅನ್ನೋ ತಲೆನೋವು ನಮ್ಮ ಸೀಮೆಗೆ ಬಂದದ್ದು ರೈಲಿನ ಜೊತೆ. ಬೆಂಗಳೂರಿಂದ ತುಮಕೂರು, ಅರಸೀಕೆರೆ ದಾಟಿ ಹರಿಹರದವರೆಗೆ ರೈಲು ಹಳಿ ಮುಗಿದದ್ದು 1889ರ ಹೊತ್ತಿಗೆ. ಮುಂದೆ ಹಾಸನ, ಮೈಸೂರಿನ ಲೈನೂ ಸೇರಿ ಅರಸೀಕೆರೆ ಜಂಕ್ಷನ್ ಆಯ್ತು. ಸ್ಟೀಮ್ ಎಂಜಿನ್‌ನಲ್ಲಿ ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ತಿರುಗಬೇಕು. ಮಳೆ ಬಂದ್ರೆ, ಏರು ಬಂದ್ರೆ ಚಕ್ರ ನಿಂತಲ್ಲೇ ಗಿರಗಿರ ತಿರುಗೋದು, ರೈಲು ಮುಂದೆ ಹೋಗಲ್ಲ. ಅದಕ್ಕೆ ಎಂಜಿನ್ ಮೇಲೆ ಒಣಮರಳಿನ ಡಬ್ಬಿ ಇರ್ತಿತ್ತು. ಕೊಳವೆಯಲ್ಲಿ ಚಕ್ರದ ಮುಂದೆ ಹಳಿ ಮೇಲೆ ಮರಳು ಸುರಿಯೋರು. ಈಗಿನ ಎಂಜಿನ್‌ಗಳಲ್ಲೂ ಆ ಪದ್ಧತಿ ಇದೆ.

ಸೈಕಲ್ಲಿಗೂ ಅದೇ ತೊಂದರೆ ಇತ್ತು, ಆದರೆ ಮರಳಿನ ಡಬ್ಬಿ ಕಟ್ಟೋಕಾಗಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ತಯಾರಿಸಿದ ರೋವರ್ ಸೈಕಲ್ ನೋಡಿದ್ರೆ ಈಗಿನ ಸೈಕಲ್ಲಿನ ಅಜ್ಜ ಅಂತ ಯಾರಾದ್ರೂ ಗುರುತು ಹಿಡೀತಾರೆ. ಎರಡು ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ಅದಕ್ಕೆ ಹಾಕಿದ್ದು ಗಟ್ಟಿ ರಬ್ಬರ್, ಒಳಗೆ ಗಾಳಿ ಇಲ್ಲ. ಕಲ್ಲು ಹಾಸಿದ ಬೀದಿಯಲ್ಲಿ ತುಳಿದ್ರೆ ಹಲ್ಲು ಕಟಕಟ ಅನ್ನೋದು.

ಮೂರು ವರ್ಷ ಆದ್ಮೇಲೆ, 1888ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಲ್ಲಿದ್ದ ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ, ಮೇಲೆ ಬಟ್ಟೆ ಬಿಗಿದು, ಗಾಳಿ ತುಂಬಿಸಿದ. ಮಗನಿಗೆ ಕುಲುಕಾಟ ಕಮ್ಮಿ ಆಗಲಿ ಅನ್ನೋದಷ್ಟೇ ಅವನ ಆಸೆ. ಮುಂದಿನ ವರ್ಷ ವಿಲ್ಲೀ ಹ್ಯೂಮ್ ಅನ್ನೋ ಸವಾರ ಆ ಟೈರ್ ಹಾಕ್ಕೊಂಡು ಬೆಲ್‌ಫಾಸ್ಟ್ ರೇಸುಗಳಲ್ಲಿ ಗೆದ್ದ ಮೇಲೆ ಜಗತ್ತು ತಿರುಗಿ ನೋಡ್ತು. ಅರಸೀಕೆರೆ ಮೇಲೆ ಹರಿಹರಕ್ಕೆ ಹಳಿ ಮುಗಿದದ್ದೂ ಅದೇ ವರ್ಷದ ಹೊತ್ತಿಗೆ ನೋಡಿ. ಇಲ್ಲೊಂದು ತಮಾಷೆಯೂ ಇದೆ: ಡನ್‌ಲಪ್‌ನ ಪೇಟೆಂಟ್ ನಿಲ್ಲಲಿಲ್ಲ. ಯಾಕಂದ್ರೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ ಇನ್ನೊಬ್ಬ ಸ್ಕಾಟಿಷ್ ಮನುಷ್ಯ ಗಾಳಿ ಚಕ್ರಕ್ಕೆ ಪೇಟೆಂಟ್ ತಗೊಂಡಿದ್ದ. ಪಾಪ, ಅವನ ಕಾಲಕ್ಕೆ ಸೈಕಲ್ಲೇ ಇರಲಿಲ್ಲ. ಕುದುರೆಗಾಡಿಗೆ ಹಾಕಿ ತೋರಿಸಿದ, ಜನ ಮರೆತ್ರು.

ಈ ಗಾಳಿ ಟೈರಿಗೆ ಒಂದು ಕರಾಳ ಮುಖ ಇದೆ, ಅದನ್ನ ಬಿಟ್ಟು ಮುಂದೆ ಹೋದ್ರೆ ತಪ್ಪಾಗುತ್ತೆ. 1890ರ ದಶಕದಲ್ಲಿ ಯುರೋಪ್, ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡೀತು, ರಬ್ಬರಿಗೆ ಬೇಡಿಕೆ ಏರ್ತು. ಕಾಂಗೋ ದೇಶವನ್ನ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡ್ 1885ರಿಂದ 1908ರವರೆಗೆ ತನ್ನ ಸ್ವಂತ ಆಸ್ತಿ ಥರ ಆಳ್ತಿದ್ದ. ಅಲ್ಲಿನ ಕಾಡುಬಳ್ಳಿಗಳಿಂದ ರಬ್ಬರ್ ತರೋಕೆ ಜನರನ್ನ ಬಲವಂತವಾಗಿ ಕಳಿಸೋರು. ಹೇಳಿದಷ್ಟು ತರದಿದ್ರೆ ಹೆಂಡತಿ ಮಕ್ಕಳನ್ನ ಒತ್ತೆ ಇಡೋರು, ಕೊಲ್ಲೋರು, ಕೈ ಕತ್ತರಿಸೋರು. ರೋಜರ್ ಕೇಸ್‌ಮೆಂಟ್ ಅನ್ನೋ ಬ್ರಿಟಿಷ್ ಅಧಿಕಾರಿ ಬರೆದ ವರದಿ 1904ರಲ್ಲಿ ಹೊರಗೆ ಬಂದ ಮೇಲೆ ಜಗತ್ತಿಗೆ ಇದರ ಪ್ರಮಾಣ ಗೊತ್ತಾಯ್ತು. ಲಂಡನ್ನಲ್ಲಿ, ಪ್ಯಾರಿಸ್ಸಲ್ಲಿ ಭಾನುವಾರ ಸೈಕಲ್ ಮೇಲೆ ಹೋಗ್ತಿದ್ದವರ ಚಕ್ರದಡಿ ಈ ಕಥೆಯೂ ಇತ್ತು.

ನಮ್ಮ ಕಡೆಗೆ ರಬ್ಬರ್ ಮರ ಬಂದದ್ದು ಬೇರೆ ದಾರಿಯಲ್ಲಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅನ್ನೋನು ಬ್ರೆಜಿಲ್‌ನಿಂದ ಸುಮಾರು 70,000 ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ, ಅಂದ್ರೆ ಈಗಿನ ಶ್ರೀಲಂಕಾಕ್ಕೆ ಬಂದವು, ಆಮೇಲೆ ಕೇರಳಕ್ಕೆ. ಇವತ್ತು ಸುಳ್ಯ, ಪುತ್ತೂರಿನ ಕಡೆ ಹೋದ್ರೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಕಾಣ್ತವೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಬಂದ ತಮಿಳು ಕುಟುಂಬಗಳು ಅಲ್ಲಿ ಹಾಲು ತೆಗೀತಾರೆ. ಮರದ್ದೂ ಜನರದ್ದೂ ಪ್ರಯಾಣ ಒಂದೇ ದ್ವೀಪದ ಮೇಲೆ ಹಾದು ಬಂದಿದೆ.

ಅಂದಹಾಗೆ, ರಬ್ಬರ್ ಹುಟ್ಟುಗಪ್ಪು ಅಲ್ಲ. ಮರದ ಹಾಲು ಬಿಳಿ, ಮೊದಲ ಟೈರುಗಳೂ ತಿಳಿಬಣ್ಣದವೇ. 20ನೇ ಶತಮಾನದ ಶುರುವಿನಲ್ಲಿ ಕಾರ್ಬನ್ ಬ್ಲಾಕ್ ಅನ್ನೋ ಮಸಿಪುಡಿ ಬೆರೆಸಿದ್ರೆ ಟೈರ್ ಎಷ್ಟೋ ಪಟ್ಟು ಬಾಳಿಕೆ ಬರುತ್ತೆ ಅಂತ ಗೊತ್ತಾಯ್ತು. ಅಲ್ಲಿಂದ ಟೈರ್ ಅಂದ್ರೆ ಕಪ್ಪು.

ಈಗ ಗೆಳತಿಯ ಪ್ರಶ್ನೆಗೆ ವಾಪಸ್ ಬರೋಣ. ಹಿಡಿತ ಎಲ್ಲಿಂದ ಬರುತ್ತೆ?

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಒಳಗೆ, ನವರಂಗದಲ್ಲಿ, ಕಂಬಗಳನ್ನ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ಅಲ್ಲಿನ ಎಷ್ಟೋ ಕಂಬಗಳನ್ನ ಕಡಗೋಲು ಕಡೆದ ಹಾಗೆ ತಿರುಗಿಸಿ ತಿರುಗಿಸಿ ಕಡೆದಿದಾರೆ. ಬೆಳಕು ಬಿದ್ರೆ ಹೊಳೆಯುತ್ತೆ. ಈಗ ಮಳೆ ಬಂದ ದಿನ ಹೊರಗಿನ ಅಂಗಳದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೀರಿ. ಒರಟು ಕಲ್ಲಿನ ಮೇಲೆ ಒದ್ದೆ ಇದ್ರೂ ಕಾಲು ನಿಲ್ಲುತ್ತೆ. ಸಾವಿರಾರು ಜನ ಓಡಾಡಿ ನುಣುಪಾದ ಕಲ್ಲಿನ ಮೇಲೆ ಜಾರುತ್ತೆ. ಅದೇ ಒರಟು ಕಲ್ಲಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಚಪ್ಪಲಿ ಹಾಕ್ಕೊಂಡು ನಡೆದ್ರೆ ಮತ್ತೆ ಜಾರುತ್ತೆ. ನಿಮ್ಮ ಅಂಗಾಲಿಗೆ ಬಟನ್ ಇದೆಯಾ? ಇಲ್ಲ. ಅಂಗಾಲು ಮೆತ್ತಗಿದೆ, ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳ ಮೇಲೆ ಕೂತು ಅವನ್ನ ಅಪ್ಪಿಕೊಳ್ಳುತ್ತೆ. ಸೈಕಲ್ ಟೈರೂ ಟಾರ್ ರಸ್ತೆಯಲ್ಲಿ ಮಾಡೋದು ಇದನ್ನೇ. ಒರಟುತನ ರಸ್ತೆಯ ಜಲ್ಲಿಯಲ್ಲಿರಬೇಕು. ಟೈರ್ ಮೆತ್ತಗಿರಬೇಕು.

ಸಣ್ಣ ಲೆಕ್ಕ ಒಂದು. ನೀವು, ಸೈಕಲ್ಲು, ಬ್ಯಾಗು ಎಲ್ಲಾ ಸೇರಿ 75 ಕೆಜಿ ಅನ್ಕೊಳ್ಳಿ. ಅದರಲ್ಲಿ ಹಿಂದಿನ ಚಕ್ರದ ಮೇಲೆ ಸುಮಾರು 45 ಕೆಜಿ, ಅಂದ್ರೆ ನೂರು ಪೌಂಡ್ ಹತ್ತಿರ. ಟೈರಲ್ಲಿ ಗಾಳಿ 50 ಪಿಎಸ್‌ಐ ಇದೆ, ಅಂದ್ರೆ ಪ್ರತಿ ಚದರ ಇಂಚಿಗೆ 50 ಪೌಂಡ್ ಒತ್ತಡ. ಹಾಗಾದ್ರೆ ನೆಲಕ್ಕೆ ತಾಗೋ ಜಾಗ ಹೆಚ್ಚುಕಮ್ಮಿ ಎರಡು ಚದರ ಇಂಚು. ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು! ಮುಂದಿನ ಚಕ್ರದ್ದು ಇನ್ನೂ ಕಮ್ಮಿ. ನಿಮ್ಮ ಜೀವ ನಿಂತಿರೋದು ಅಷ್ಟು ರಬ್ಬರಿನ ಮೇಲೆ. ಆ ಅಷ್ಟು ಜಾಗದಲ್ಲೂ ಬಟನ್‌ಗಳಿದ್ರೆ, ಟಾರ್ ಮೇಲೆ ಬಟನ್‌ನ ತುದಿಗಳು ಮಾತ್ರ ತಾಗ್ತವೆ. ತಿರುವಲ್ಲಿ ಆ ತುದಿಗಳು ಬಾಗ್ತವೆ. ಗೋಡೆಗೆ ಕೈ ಒತ್ತಿ ನಿಲ್ಲೋದಕ್ಕೂ ಬೆರಳ ತುದಿ ಊರಿ ನಿಲ್ಲೋದಕ್ಕೂ ಇರೋ ವ್ಯತ್ಯಾಸ ಇದು.

"ಮಳೆಯಲ್ಲಿ ನೀರು ಹೊರಹೋಗೋಕೆ ಗೆರೆ ಬೇಡ್ವಾ?" ಅಂತ ಕೇಳಬಹುದು. ಕಾರಿಗೆ ಬೇಕು, ಬೈಕಿಗೆ ಬೇಕು. ಬೋಳು ಟೈರ್ ಹಾಕ್ಕೊಂಡು ಬೈಕ್ ಓಡಿಸಿ ಆಮೇಲೆ ಈ ಪಾಡ್‌ಕಾಸ್ಟಿನ ಹೆಸರು ಹೇಳಬೇಡಿ. ಸೈಕಲ್ ಮಾತು ಬೇರೆ. ವಿಮಾನದ ಟೈರು ನೀರು ನಿಂತ ರನ್‌ವೇ ಮೇಲೆ ಯಾವ ವೇಗದಲ್ಲಿ ತೇಲೋಕೆ ಶುರುವಾಗುತ್ತೆ ಅಂತ ಅಮೆರಿಕದ ನಾಸಾದಲ್ಲಿ ವಾಲ್ಟರ್ ಹಾರ್ನ್ ಮತ್ತು ಅವರ ಸಹೋದ್ಯೋಗಿ 1963ರಲ್ಲಿ ಒಂದು ಸೂತ್ರ ಕೊಟ್ರು: ಗಾಳಿಯ ಒತ್ತಡದ ವರ್ಗಮೂಲಕ್ಕೆ 9ರಿಂದ ಗುಣಿಸಿದ್ರೆ ವೇಗ ನಾಟ್‌ಗಳಲ್ಲಿ ಸಿಗುತ್ತೆ. ಟೈರಲ್ಲಿ 36 ಪಿಎಸ್‌ಐ ಇದ್ರೆ ವರ್ಗಮೂಲ 6, ಒಂಬತ್ತಾರ್ಲೆ 54 ನಾಟ್, ಅಂದ್ರೆ ಗಂಟೆಗೆ 100 ಕಿಲೋಮೀಟರ್. ಸೈಕಲ್ ಟೈರ್ ಕಿರಿದು, ದುಂಡಗೆ. ಅದು ತೇಲೋಕೆ ಇನ್ನೂ ಹೆಚ್ಚು ವೇಗ ಬೇಕು. ಸ್ಕೂಲಿಗೆ ಹೋಗೋ ಹುಡುಗಿ ಹದಿನೈದರಲ್ಲಿ ಹೋಗ್ತಾಳೆ. ನೀರನ್ನ ಸೀಳೋಕೆ ಅವಳ ಟೈರಿನ ಆಕಾರವೇ ಸಾಕು.

ಹಾಗಾದ್ರೆ ಬಟನ್ ಸುಳ್ಳಾ? ಸುಳ್ಳಲ್ಲ, ಅದಕ್ಕೆ ಬೇರೆ ನೆಲ ಬೇಕು. ಕರ್ಣನ ರಥ ಹೂತ ಥರದ ನೆಲ. ಮೆತ್ತಗಿನ ಮಣ್ಣು, ಹೊಲದ ದಾರಿ, ಮಳೆ ಬಿದ್ದ ಕೆಮ್ಮಣ್ಣಿನ ಬದು. ಅಲ್ಲಿ ನೆಲ ಟೈರಿಗಿಂತ ಮೆತ್ತಗಿರುತ್ತೆ, ಆದ್ದರಿಂದ ಬಟನ್ ಒಳಗೆ ಹೂತು ಹಿಡಿಯುತ್ತೆ. ಎತ್ತಿನ ಗೊರಸಿನ ಹಾಗೆ. ಟಾರ್ ರಸ್ತೆಯನ್ನ ಯಾವ ಬಟನ್ನೂ ಚುಚ್ಚಲ್ಲ.

ನಮ್ಮ ಕಡೆ ದಶಕಗಳ ಕಾಲ ಆಯ್ಕೆಯೇ ಇರಲಿಲ್ಲ ಅನ್ನೋದೂ ಕಥೆಯ ಭಾಗ. ಭಾರತದ ಮೊದಲ ಟೈರ್ ಕಾರ್ಖಾನೆಯನ್ನ ಡನ್‌ಲಪ್ ಕಂಪನಿ ಬಂಗಾಳದ ಸಹಾಗಂಜ್‌ನಲ್ಲಿ 1936ರಲ್ಲಿ ಶುರು ಮಾಡ್ತು. ಸ್ವಾತಂತ್ರ್ಯದ ನಂತರ ಮದ್ರಾಸಿನ ಟಿಐ, ಸೋನೀಪತ್‌ನ ಅಟ್ಲಾಸ್, ಲುಧಿಯಾನದ ಹೀರೋ ಸೈಕಲ್‌ಗಳು ಬಂದವು. ಎಲ್ಲದರ ದೊಡ್ಡ ಸೈಕಲ್ಲಿಗೂ ಒಂದೇ ಟೈರ್: "ಇಪ್ಪತ್ತೆಂಟು ಒಂದೂವರೆ". ಅಂದ್ರೆ 28 ಇಂಚು ವ್ಯಾಸ, ಒಂದೂವರೆ ಇಂಚು ದಪ್ಪ. ಅದರ ಮೇಲಿನ ಗೆರೆಗಳು ತೀರಾ ಸಣ್ಣವು. ಆ ಟೈರಿನ ಮೇಲೆ ಅರಸೀಕೆರೆ ಸಂತೆಗೆ ಕೊಬ್ಬರಿ ಮೂಟೆ ಹೋಗಿದೆ, ತೆಂಗಿನಕಾಯಿ ಹೋಗಿದೆ, ಮುಂದೆ ಬಾರ್ ಮೇಲೆ ಮಗು, ಹಿಂದೆ ಹೆಂಡತಿ ಕೂತ ಪೂರ್ತಿ ಸಂಸಾರ ಹೋಗಿದೆ. ಯಾರೂ ಬಟನ್ ಕೇಳಿರಲಿಲ್ಲ. ದಪ್ಪ ಬಟನ್ನಿನ ಆಸೆ ಬಂದದ್ದು ಗೇರ್ ಇರೋ, ದಪ್ಪ ಟೈರಿನ ಮೌಂಟೇನ್ ಬೈಕ್‌ಗಳು ಪೇಟೆಗೆ ಬಂದ ಮೇಲೆ. ನೋಡೋಕೆ ಚೆನ್ನಾಗಿದೆ, ಒಪ್ಪಿದೆ.

ನಮ್ಮ ಜಾಗದಲ್ಲಿ ಒಂದು ಹಳೇ ಅಭ್ಯಾಸ ಮಾತ್ರ ಬಟನ್ನಿಗಿಂತ ಹೆಚ್ಚು ಜನರನ್ನ ಬೀಳಿಸಿದೆ ಅಂತ ನನ್ನ ಅನುಮಾನ: ಗಾಳಿಯನ್ನ ಕಲ್ಲಿನ ಹಾಗೆ ತುಂಬಿಸೋದು. ಅರಸೀಕೆರೆಯಲ್ಲಿ ನಾನು ಚಿಕ್ಕವಳಿದ್ದಾಗ ಹೋಗ್ತಿದ್ದ ಸೈಕಲ್ ಶಾಪಿನ ಸಾಬ್ರು ಬ್ಲೋ ಹೊಡೆದು, ಟೈರನ್ನ ಹೆಬ್ಬೆರಳಲ್ಲಿ ಒತ್ತಿ, ಒಂಚೂರೂ ಒಳಗೆ ಹೋಗದಿದ್ರೆ ಮಾತ್ರ "ಹಾಂ, ಈಗ ಹೋಗಮ್ಮ" ಅನ್ನೋರು. ಅದಕ್ಕೆ ಕಾರಣವೂ ಇತ್ತು. ಮೂಟೆ ಹೊರೋ ಸೈಕಲ್ಲಲ್ಲಿ ಗಾಳಿ ಕಮ್ಮಿ ಇದ್ರೆ ಗುಂಡಿಯಲ್ಲಿ ರಿಮ್ಮು ಟ್ಯೂಬನ್ನ ಕಚ್ಚಿ ಎರಡು ತೂತು ಮಾಡುತ್ತೆ. ವಾಲ್ ಟ್ಯೂಬ್ ಇರೋ ಹಳೇ ವಾಲ್ವಿಗೆ ಮೀಟರ್ ಹಿಡಿದು ಒತ್ತಡ ನೋಡೋಕೂ ಬರಲ್ಲ. ಹೆಬ್ಬೆರಳೇ ಮೀಟರು. ಆದರೆ ಕೊಬ್ಬರಿ ಮೂಟೆಯ ಲೆಕ್ಕದ ಗಾಳಿಯನ್ನ ನಲವತ್ತು ಕೆಜಿಯ ಹುಡುಗಿಗೆ ತುಂಬಿಸಿದ್ರೆ ಟೈರು ಮೆತ್ತಗೆ ಕೂರೋದೇ ಇಲ್ಲ. ಜಲ್ಲಿ ಕಲ್ಲಿನ ಮೇಲೆ ಪುಟಿಯುತ್ತೆ. ಪುಟಿದ ಕ್ಷಣದಲ್ಲಿ ಟೈರು ಗಾಳಿಯಲ್ಲಿರುತ್ತೆ, ಹಿಡಿತ ಸೊನ್ನೆ. ಹಾಗಂತ ಪೂರ್ತಿ ಸಡಿಲ ಬಿಟ್ರೆ ತಿರುವಲ್ಲಿ ಟೈರು ಓಲಾಡುತ್ತೆ, ರಿಮ್ಮು ನೆಲಕ್ಕೆ ಬಡಿಯುತ್ತೆ. ಟೈರಿನ ಪಕ್ಕದಲ್ಲಿ ಎಷ್ಟು ಪಿಎಸ್‌ಐ ಅಂತ ಅಚ್ಚು ಹಾಕಿರ್ತಾರೆ. ಅದು ಮೇಲಿನ ಮಿತಿ, ಅಲ್ಲಿಗೆ ಮುಟ್ಟಿಸಲೇಬೇಕು ಅಂತಲ್ಲ. ತೂಕ ಕಮ್ಮಿ ಇರೋರು, ರಸ್ತೆ ಒದ್ದೆ ಇರೋವಾಗ ಅದಕ್ಕಿಂತ ಸ್ವಲ್ಪ ಕೆಳಗೇ ಇರಿ.

ಈಗ ನಮ್ಮ ಮೂರು ಊರುಗಳ ನೆಲ. ಅರಸೀಕೆರೆ ಒಣ ಸೀಮೆ. ಅಲ್ಲಿ ಅಪಾಯ ಎರಡು. ರಸ್ತೆ ಅಂಚಿನ ಸಣ್ಣ ಜಲ್ಲಿ ಒಂದು. ರೈಲ್ವೆ ಗೇಟು ಇನ್ನೊಂದು. ಸೈಕಲ್ ಟೈರಿನ ಅಗಲ ನಾಲ್ಕು ಸೆಂಟಿಮೀಟರ್ ಹತ್ತಿರ, ಹಳಿ ಪಕ್ಕದ ಸಂದು ಅದನ್ನ ಆರಾಮಾಗಿ ನುಂಗುತ್ತೆ. ಓರೆಯಾಗಿ ದಾಟಿದ್ರೆ ಮುಗೀತು. ಹಳಿಗೆ ಅಡ್ಡವಾಗಿ, ನೇರವಾಗಿ ದಾಟಬೇಕು. ಮಳೆ ಇದ್ರೆ ಇಳಿದು ತಳ್ಕೊಂಡು ಹೋಗಬೇಕು. ಎಂಜಿನ್ನಿಗೇ ಮರಳು ಬೇಕಾಗೋ ಜಾಗ ಅದು.

ಬೇಲೂರು ಮಲೆನಾಡಿನ ಬಾಗಿಲು. ಮಳೆ, ಪಾಚಿ, ಮರದ ಕೆಳಗೆ ಕೊಳೆತ ಎಲೆ. ಮಳೆಯ ಮೊದಲ ಹತ್ತು ನಿಮಿಷ ಎಲ್ಲಕ್ಕಿಂತ ಕೆಟ್ಟದ್ದು, ಧೂಳು ಮತ್ತು ಎಣ್ಣೆ ಕಲಸಿ ರಸ್ತೆಗೆ ಲೇಪ ಹಚ್ಚಿದ ಹಾಗಿರುತ್ತೆ. ಹಳೇ ತಿರುವುಗಳಲ್ಲಿ ಜಲ್ಲಿಯೇ ಸವೆದು ನವರಂಗದ ಕಂಬದ ಥರ ನುಣುಪಾಗಿರುತ್ತೆ. ಇಲ್ಲಿ ಟೈರಿಗಿಂತ ಮೊದಲು ಕೈಕೊಡೋದು ಬ್ರೇಕು. ಹೊಳೆಯೋ ಉಕ್ಕಿನ ರಿಮ್ಮಿಗೆ ರಬ್ಬರ್ ಬ್ರೇಕ್ ಒತ್ತೋ ಸೈಕಲ್ಲು ಒದ್ದೆಯಲ್ಲಿ ಬಹಳ ದೂರ ಹೋಗಿ ನಿಲ್ಲುತ್ತೆ. "ಟೈರ್ ಜಾರ್ತು" ಅಂತ ಜನ ಹೇಳೋ ಎಷ್ಟೋ ಬೀಳಾಟಗಳಲ್ಲಿ ನಡೆದದ್ದು ಇದು: ಬ್ರೇಕ್ ಹಿಡೀಲಿಲ್ಲ ಅಂತ ಗಾಬರಿಯಾಗಿ ಇನ್ನೂ ಗಟ್ಟಿ ಒತ್ತಿದ್ರು, ರಿಮ್ಮು ಒರೆಸಿಕೊಂಡು ಒಣಗಿ ತಟ್ಟನೆ ಕಚ್ಚಿತು. ಇಳಿಜಾರು ಶುರುವಾಗೋ ಮೊದಲೇ ಬ್ರೇಕನ್ನ ಹಗುರವಾಗಿ ಸವರಿ ರಿಮ್ಮು ಒರೆಸಿಕೊಳ್ಳಬೇಕು. ರಿಮ್ಮು ಅಲ್ಯೂಮಿನಿಯಂ ಆಗಿದ್ರೆ ಈ ಕಷ್ಟ ಎಷ್ಟೋ ಕಮ್ಮಿ.

ಇವೆರಡರ ನಡುವೆ ಹಳೇಬೀಡು, ಜಾವಗಲ್ ಕಡೆಯ ನಮ್ಮ ರಸ್ತೆ, ಅದರ ಮೇಲಿನ ರಾಗಿ.

ಮೊದಲು ರಾಗಿ ಒಕ್ಕೋಕೆ ಊರಾಚೆ ಕಣ ಇರ್ತಿತ್ತು. ಸಗಣಿ ಸಾರಿಸಿ, ತೆನೆ ಹರಡಿ, ಎತ್ತು ಕಟ್ಟಿ ರೋಣಗಲ್ಲು ಉರುಳಿಸೋರು. ಸುಗ್ಗಿ ಅಂದ್ರೆ ಅದೇ. ಎತ್ತುಗಳು ಹೋದವು, ಕಣ ಮಾಡೋ ಆಳುಗಳು ಬೆಂಗಳೂರಿಗೆ ಹೋದ್ರು, ಮನೆಯಲ್ಲಿ ಉಳಿದ ವಯಸ್ಸಾದವರು ತೆನೆಯನ್ನ ರಸ್ತೆಗೆ ತಂದು ಹಾಕಿದ್ರು. ಪ್ರತಿ ವರ್ಷ ಪೊಲೀಸರು ಎಚ್ಚರಿಕೆ ಕೊಡ್ತಾರೆ, ಪ್ರತಿ ವರ್ಷ ರಾಗಿ ಬರುತ್ತೆ, ಹುರುಳಿ ಬರುತ್ತೆ. ಯಾಂತ್ರಿಕ ಒಕ್ಕಣೆಗೆ ಬಾಡಿಗೆ ಕೊಡೋಕಾಗದ ಮುದುಕಿಯನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಆದರೆ ಆ ಹುಲ್ಲಿನ ಮೇಲೆ ಬಿದ್ದವಳೂ ನಾನೇ.

ರಾಗಿಕಾಳು ನೋಡಿದೀರಲ್ಲ, ದುಂಡಗೆ, ಸಾಸಿವೆಯಷ್ಟು. ಸೈಕಲ್ ಹಬ್ ಒಳಗೆ ಬೇರಿಂಗ್ ಬಾಲ್ಸ್ ಹಾಕೋದು ಯಾಕೆ? ಚಕ್ರ ಜಾರಿಕೊಂಡು ತಿರುಗಲಿ ಅಂತ. ಗಟ್ಟಿ ಟಾರಿನ ಮೇಲೆ ಲಕ್ಷಾಂತರ ರಾಗಿಕಾಳು, ಮೇಲೆ ನುಣುಪಾದ ಒಣಹುಲ್ಲು. ಟೈರು ರಸ್ತೆಯನ್ನ ಮುಟ್ಟೋದೇ ಇಲ್ಲ. ಬಟನ್ ಹೊಸದಿದ್ರೂ, ಗಾಳಿ ಸರಿಯಿದ್ರೂ, ತುಳಿಯೋನು ರೇಸಿನವನಾಗಿದ್ರೂ, ತಿರುವಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಬೀಳ್ತಾನೆ. ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ಉರುಳಿ ದಾಟಬಹುದಷ್ಟೇ. ತಿರುವಿದ್ರೆ ಅದೂ ಆಗಲ್ಲ, ಇಳಿದು ನಡೀಬೇಕು. ಇದನ್ನ ಆವತ್ತು ನಮಗೆ ಯಾರೂ ಹೇಳಿರಲಿಲ್ಲ. ಸೈಕಲ್ ಕೊಟ್ಟ ದಿನ ಫೋಟೋ ತೆಗೆದ್ರು, ಲಾಡು ಕೊಟ್ರು.

ಅಂದ್ರೆ ಶಾಪಿನ ತೀರ್ಪೂ ತಪ್ಪು, ಮನೆಯ ತೀರ್ಪೂ ತಪ್ಪು. ನಾನು ಗೆಳತಿಗೆ ಫೋನ್ ಮಾಡಿ ಮೊದಲು ಹೇಳಿದ್ದು ಇದನ್ನೇ: "ನಿನ್ನಿಂದ ಬೀಳಲಿಲ್ಲ ಕಣೇ. ಟೈರಿಂದಲೂ ಅಲ್ಲ." ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಈಗ ಹೇಳ್ತಿದೀಯಲ್ಲ, ಹದಿನೆಂಟು ವರ್ಷ ಆದ್ಮೇಲೆ" ಅಂದಳು. ನಕ್ಕಳೋ ಇಲ್ವೋ, ಫೋನಲ್ಲಿ ಗೊತ್ತಾಗಲಿಲ್ಲ.

ಆಮೇಲೆ ಟೈರಿನ ಮಾತಾಡಿದ್ವಿ. ಮಗಳ ದಾರಿ ಪೂರ್ತಿ ಟಾರು, ಕೊನೆಯ ನೂರು ಮೀಟರ್ ಮಣ್ಣು. ಹಾಗಿದ್ರೆ ನುಣುಪಿರೋದೇ ತಗೋ, ಸ್ವಲ್ಪ ಅಗಲದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು ಅಂದೆ. ಅಳತೆಯನ್ನ ಹಳೇ ಟೈರಿನ ಪಕ್ಕದಲ್ಲಿ ಅಡ್ಡಗೆರೆ ಹಾಕಿ ಬರೆದ ಸಂಖ್ಯೆ ನೋಡಿ ಹೇಳು ಅಂದೆ, ಯಾಕಂದ್ರೆ ಬರೀ "ಇಪ್ಪತ್ತಾರು" ಅಂದ್ರೆ ಸಾಲದು. 559ರದ್ದೂ ಇಪ್ಪತ್ತಾರೇ, 590ರದ್ದೂ ಇಪ್ಪತ್ತಾರೇ, ಒಂದಕ್ಕೊಂದು ಕೂರಲ್ಲ. ಹಳೇ ಇಪ್ಪತ್ತೆಂಟು ಒಂದೂವರೆ ಆದ್ರೆ 40-635 ಅಂತಿರುತ್ತೆ. ಟೈರನ್ನ ಬಗ್ಗಿಸಿ ನೋಡು, ಪಕ್ಕದಲ್ಲಿ ಬಿರುಕು ಕಂಡ್ರೆ ಅಂಗಡಿಯಲ್ಲೇ ಹಳತಾದ ಮಾಲು, ರಬ್ಬರ್ ಗಟ್ಟಿಯಾಗಿರುತ್ತೆ, ಬೇಡ ಅಂದೆ.

"ಒಂದೇ ಟೈರಿಗೆ ದುಡ್ಡಿದೆ ಈ ತಿಂಗಳು. ಹಿಂದಿಂದೇ ಜಾಸ್ತಿ ಸವೆದಿರೋದು, ಹಿಂದಕ್ಕೇ ಹಾಕಿಸ್ಲಾ?"

ನಮ್ಮೂರಲ್ಲಿ ಎಲ್ಲರೂ ಮಾಡೋದು ಹಾಗೇ. ಹೊಸದನ್ನ ಹಿಂದಕ್ಕೆ ಹಾಕಿ, ಮುಂದೆ ಹತ್ತು ವರ್ಷದ ಟೈರು, ಒಳಗೆ ತೇಪೆಗೆ ಗೇಟರ್. ಹಿಂದಿನ ಚಕ್ರ ಜಾರಿದ್ರೆ ಸೈಕಲ್ ಬಾಲ ಅಲ್ಲಾಡಿಸುತ್ತೆ, ಕಾಲು ಕೊಟ್ಟು ನಿಲ್ಲಬಹುದು. ಮುಂದಿನದು ಜಾರಿದ್ರೆ ಕಾಲು ಕೊಡೋಕೂ ಸಮಯ ಇರಲ್ಲ. ಅದು ಹೇಗಿರುತ್ತೆ ಅಂತ ನಮಗಿಬ್ಬರಿಗೂ ಗೊತ್ತು. ಹಿಂದಿನ ಸವೆದದ್ದನ್ನ ಎಸೀರಿ, ಮುಂದಿನದನ್ನ ಬಿಚ್ಚಿ ಹಿಂದಕ್ಕೆ ಹಾಕಿಸು, ಹೊಸದು ಮುಂದಕ್ಕೆ ಅಂದೆ. ಮುಂದಿನದರಲ್ಲೂ ಒಳಗಿನ ದಾರದ ಪದರ ಕಾಣ್ತಿದ್ರೆ ಮಾತ್ರ ಸಾಲ ಮಾಡಿಯಾದ್ರೂ ಎರಡೂ ತಗೋ.

ಎರಡು ದಿನ ಬಿಟ್ಟು ಒಂದು ವೀಡಿಯೋ ಕಳಿಸಿದಳು. ಮನೆ ಮುಂದೆ ಸೈಕಲ್ ನಿಂತಿದೆ. ಮಗಳು ಪಕ್ಕದಲ್ಲಿ ಬೆಲ್ ಬಾರಿಸ್ತಾ ಅವಸರ ಮಾಡ್ತಿದಾಳೆ. ನನ್ನ ಗೆಳತಿ ಕೂತು ಮುಂದಿನ ಟೈರನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ವಾಲ್ವ್ ಸ್ವಲ್ಪ ಸಡಿಲ ಮಾಡಿ ಪುಸ್ ಅಂತ ಗಾಳಿ ಬಿಟ್ಟಳು, ಮತ್ತೆ ಒತ್ತಿದಳು. "ಅಮ್ಮಾ, ಈಗ ತಾನೇ ತುಂಬಿಸಿದ್ದು!" ಅಂತ ಮಗಳು ಕೂಗ್ತಾಳೆ. ಇವಳು ಸೀರೆ ಸೆರಗು ಸಿಕ್ಕಿಸಿ, ಸೈಕಲ್ ಹತ್ತಿ, ಬೀದಿಯ ತುದಿವರೆಗೆ ಒಂದು ರೌಂಡ್ ಹೊಡೆದು ಬಂದು, ಆಮೇಲೆ ಹ್ಯಾಂಡಲ್ಲನ್ನ ಮಗಳ ಕೈಗೆ ಕೊಟ್ಟಳು.